ಇಂಗ್ಲೆಂಡಿನ ಅಪರಾಧ ಕಾನೂನಿನಲ್ಲಿ ಕೊಲೆ ಮತ್ತು ಮ್ಯಾನ್‌ಸ್ಲಾಟರ್

ಕೊಲೆ ಮತ್ತು ಮ್ಯಾನ್‌ಸ್ಲಾಟರ್ ಎಂಬವು ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಾನೂನಿನಲ್ಲಿ ದಂಡಾರ್ಹ ನರಹತ್ಯೆಯ ಎರಡು ಮುಖ್ಯ ವರ್ಗಗಳು. ಕೊಲ್ಲುವ ಅಥವಾ ತೀವ್ರವಾಗಿ ಗಾಯಗೊಳಿಸುವ ಉದ್ದೇಶದಿಂದ, ಕಾನೂನುಸಮ್ಮತ ಕಾರಣವಿಲ್ಲದೆ ಮನುಷ್ಯನೊಬ್ಬನ ಸಾವಿಗೆ ಕಾರಣವಾಗುವುದು ಕೊಲೆ. ಆ ಉದ್ದೇಶವಿದ್ದರೂ ಹೊಣೆಯನ್ನು ತಗ್ಗಿಸುವ ಕಾರಣವೊಂದನ್ನು ಕಾನೂನು ಒಪ್ಪಿಕೊಂಡಾಗ, ಇಲ್ಲವೇ ಆ ಉದ್ದೇಶವಿಲ್ಲದಿದ್ದರೂ ಅಪಾಯಕರ ಅಪರಾಧಕೃತ್ಯದಿಂದಲೋ ಘೋರ ನಿರ್ಲಕ್ಷ್ಯದಿಂದಲೋ ಸಾವು ಸಂಭವಿಸಿದಾಗ ಅದು ಮ್ಯಾನ್‌ಸ್ಲಾಟರ್. ಎರಡೂ ಕಾಮನ್ ಲಾ ಅಪರಾಧಗಳು. ಅಂದರೆ ಅವುಗಳ ವ್ಯಾಖ್ಯೆ ಸಂಸತ್ತಿನ ಯಾವ ಕಾಯ್ದೆಯಲ್ಲೂ ಇಲ್ಲ, ನ್ಯಾಯಾಲಯದ ತೀರ್ಪುಗಳಲ್ಲಿದೆ. ಕಾಯ್ದೆಗಳು ಈ ವ್ಯಾಖ್ಯೆಯ ಅಂಚುಗಳನ್ನು ಮಾತ್ರ ತಿದ್ದಿವೆ. ಸ್ಕಾಟ್ಲೆಂಡಿನ ನರಹತ್ಯೆಯ ಕಾನೂನು ಬೇರೆಯೇ ಆದದ್ದು, ಈ ಲೇಖನದ ವ್ಯಾಪ್ತಿಗೆ ಸೇರಿಲ್ಲ.

ಮೇಲುನೋಟಕ್ಕೆ ಈ ಎರಡರ ನಡುವಿನ ಗಡಿ ಆರೋಪಿಯ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಅವಲಂಬಿಸಿದೆ. ಚರಿತ್ರೆಯನ್ನು ಹಿಡಿದು ನೋಡಿದರೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ಗಡಿ ಸರಿದಾಗಲೆಲ್ಲ ಬಹುಮಟ್ಟಿಗೆ ಅದನ್ನು ಸರಿಸಿದ್ದು ಶಿಕ್ಷೆಯ ಪ್ರಶ್ನೆ. ಕೊಲೆಗೆ ಇರುವುದು ಒಂದೇ ಶಿಕ್ಷೆ, ನ್ಯಾಯಾಧೀಶರಿಗೆ ಅದರಲ್ಲಿ ಆಯ್ಕೆಯಿಲ್ಲ. ಹಿಂದೆ ಅದು ಗಲ್ಲು, 1965ರಿಂದ ಜೀವಾವಧಿ. ಮ್ಯಾನ್‌ಸ್ಲಾಟರ್‌ಗೆ ಗರಿಷ್ಠ ಶಿಕ್ಷೆ ಜೀವಾವಧಿಯಾದರೂ ಸಾಮಾನ್ಯವಾಗಿ ಕನಿಷ್ಠ ಮಿತಿಯಿಲ್ಲ. ಜೈಲಿಗೇ ಕಳಿಸದೆ ಬಿಟ್ಟ ಪ್ರಕರಣಗಳೂ ಇವೆ. ಒಂದು ಕಡೆ ಕಿಂಚಿತ್ತೂ ಬಾಗದ ಶಿಕ್ಷೆ, ಇನ್ನೊಂದು ಕಡೆ ಎತ್ತ ಬೇಕಾದರೂ ಬಾಗುವ ಶಿಕ್ಷೆ ಇರುವಾಗ, ಕರುಣೆಗೆ ಅರ್ಹ ಎನಿಸಿದ ಪ್ರತಿಯೊಂದು ಸನ್ನಿವೇಶವನ್ನೂ ಮೊದಲನೆಯದರಿಂದ ಎರಡನೆಯದಕ್ಕೆ ದಾಟಿಸುವ ಒತ್ತಡ ಹುಟ್ಟುತ್ತದೆ. ಇಂಗ್ಲೆಂಡಿನ ನರಹತ್ಯಾ ಕಾನೂನಿನ ಎಷ್ಟೋ ವಿಚಿತ್ರ ನಿಯಮಗಳು ಈ ಒತ್ತಡವನ್ನು ಬಲ್ಲವರಿಗೆ ವಿಚಿತ್ರವೆನಿಸುವುದಿಲ್ಲ.

ಹುಟ್ಟು ಮತ್ತು ಬೆಳವಣಿಗೆ

ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಮೇಲೆ ‘ಮರ್ಡ್ರಮ್’ ಎಂಬ ಹೆಸರಿನಲ್ಲಿ ಒಂದು ದಂಡ ಜಾರಿಯಲ್ಲಿತ್ತು. ಸತ್ತವನು ಇಂಗ್ಲಿಷನೆಂದು ಸ್ಥಳೀಯರು ತೋರಿಸಿಕೊಡದಿದ್ದರೆ ಅವನು ನಾರ್ಮನ್ನನೆಂದೇ ಭಾವಿಸಿ, ಹಂತಕ ಸಿಗದ ಪಕ್ಷದಲ್ಲಿ ಆ ಇಡೀ ಪ್ರದೇಶದ ಜನರಿಂದ ಹಣ ವಸೂಲು ಮಾಡಲಾಗುತ್ತಿತ್ತು. 1340ರಲ್ಲಿ ಈ ದಂಡ ರದ್ದಾಯಿತು, ಹೆಸರು ಮಾತ್ರ ಉಳಿದುಕೊಂಡು ಹೀನಾತಿಹೀನ ಹತ್ಯೆಗೆ ಅಂಟಿಕೊಂಡಿತು. ಆದರೂ ಕೊಲೆ ಮತ್ತು ಮ್ಯಾನ್‌ಸ್ಲಾಟರ್ ಎಂಬ ವಿಂಗಡಣೆ ಆಗಿನ್ನೂ ಕಾನೂನಿನಲ್ಲಿ ನೆಲೆಗೊಂಡಿರಲಿಲ್ಲ. ಕ್ಷಮೆಗೆ ಅರ್ಹವಲ್ಲದ ಹತ್ಯೆಗಳೆಲ್ಲ ಮರಣದಂಡನೆಯ ಅಪರಾಧಗಳೇ ಆಗಿದ್ದವು.

ವಿಂಗಡಣೆ ಮೂಡಿಸಿದ್ದು ಪಾದ್ರಿಗಳಿಗಿದ್ದ ಒಂದು ವಿನಾಯಿತಿ. ಚರ್ಚಿಗೆ ಸೇರಿದವರನ್ನು ರಾಜನ ನ್ಯಾಯಾಲಯ ನೇಣಿಗೇರಿಸುವಂತಿರಲಿಲ್ಲ. ಕಾಲಕ್ರಮದಲ್ಲಿ, ಓದಲು ಬರುವ ಯಾವನೇ ಆದರೂ ಪಾದ್ರಿಯೆಂಬ ಲೆಕ್ಕಕ್ಕೆ ಬಂದ. ಕೈದಿಯ ಮುಂದೆ ಬೈಬಲ್ ಹಿಡಿಯುತ್ತಿದ್ದರು, ಸಾಮಾನ್ಯವಾಗಿ 51ನೇ ಕೀರ್ತನೆಯ ಆರಂಭದ ಭಾಗ. ಓದಿದರೆ ಪ್ರಾಣ ಉಳಿಯಿತು. ಓದು ಬಾರದವರು ಅಷ್ಟನ್ನು ಬಾಯಿಪಾಠ ಮಾಡಿಕೊಂಡು ಬರುತ್ತಿದ್ದುದೂ ಉಂಟು. ಸಾಮಾನ್ಯ ಜನ ಈ ಸೌಲಭ್ಯವನ್ನು ಎರಡನೇ ಸಲ ಪಡೆಯದಿರಲೆಂದು 15ನೇ ಶತಮಾನದ ಕೊನೆಯ ಕಾಯ್ದೆಯೊಂದು ಹಂತಕರ ಹೆಬ್ಬೆರಳಿಗೆ ‘ಎಂ’ ಅಕ್ಷರದ ಬರೆ ಹಾಕಿಸಿತು. ಹೀಗೆ ಹಂತಕರು ಸುಲಭವಾಗಿ ಪಾರಾಗುವುದನ್ನು ತಡೆಯಲು ಟ್ಯೂಡರ್ ದೊರೆಗಳ ಕಾಲದಲ್ಲಿ, 1512ರಿಂದ 1547ರವರೆಗೆ, ಒಂದರ ಹಿಂದೊಂದು ಕಾಯ್ದೆಗಳು ಬಂದವು. ಮೊದಲೇ ಮನಸ್ಸಿನಲ್ಲಿ ಕಟ್ಟಿಕೊಂಡ ದ್ವೇಷದಿಂದ ಕೊಂದವನಿಗೆ ಈ ವಿನಾಯಿತಿ ಇಲ್ಲವೆಂದು ಅವು ಸಾರಿದವು. ವಿನಾಯಿತಿ ತಪ್ಪಿದ ಹತ್ಯೆ ಕೊಲೆಯಾಯಿತು, ವಿನಾಯಿತಿ ಉಳಿದ ಹತ್ಯೆ ಮ್ಯಾನ್‌ಸ್ಲಾಟರ್ ಆಯಿತು. ಯಾರನ್ನು ಗಲ್ಲಿಗೇರಿಸಬೇಕು, ಯಾರನ್ನು ಬರೆ ಹಾಕಿ ಬಿಡಬೇಕು ಎಂಬ ಲೆಕ್ಕದಿಂದಲೇ ಈ ಎರಡು ಅಪರಾಧಗಳು ಬೇರ್ಪಟ್ಟವೆಂಬುದು ಇಲ್ಲಿ ಗಮನಿಸಬೇಕಾದ ಅಂಶ.

17ನೇ ಶತಮಾನದ ನ್ಯಾಯವಾದಿ ಸರ್ ಎಡ್ವರ್ಡ್ ಕೋಕ್ ಕೊಟ್ಟ ವ್ಯಾಖ್ಯೆ ಇಂದಿಗೂ ಪಾಠಪುಸ್ತಕಗಳ ಆರಂಭಬಿಂದು. ಅವನ ‘ಇನ್‌ಸ್ಟಿಟ್ಯೂಟ್ಸ್’ ಗ್ರಂಥದ ಮೂರನೇ ಭಾಗ ಅವನ ಮರಣಾನಂತರ 1644ರಲ್ಲಿ ಪ್ರಕಟವಾಯಿತು. ಮುಂದಿನ ಎರಡು ಶತಮಾನಗಳಲ್ಲಿ ನ್ಯಾಯಾಲಯಗಳು ಕೊಲೆಯ ಪರಿಧಿಯನ್ನು ಹಿಗ್ಗಿಸುತ್ತ ಹೋದವು. ಹಿಂಸೆಯಿಂದ ಕೂಡಿದ ಇನ್ನೊಂದು ಘೋರ ಅಪರಾಧ ಎಸಗುವಾಗ ಸಾವು ಸಂಭವಿಸಿದರೆ, ಕೊಲ್ಲುವ ಮನಸ್ಸಿಲ್ಲದಿದ್ದರೂ ಅದು ಕೊಲೆ ಎಂಬ ನಿಯಮ ಬಂತು. 19ನೇ ಶತಮಾನದಲ್ಲಿ ಇದನ್ನೆಲ್ಲ ಸಂಹಿತೆಯಾಗಿ ಬರೆದಿಡುವ ಪ್ರಯತ್ನಗಳು ನಡೆದವು. ಭಾರತದಲ್ಲಿ ಗವರ್ನರ್ ಜನರಲ್ಲರ ಮಂಡಳಿಯ ಕಾನೂನು ಸದಸ್ಯನಾಗಿದ್ದ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ 1878ರಲ್ಲಿ ಸಿದ್ಧಪಡಿಸಿದ ಕರಡು ಸಂಹಿತೆಯೂ ಸಂಸತ್ತಿನಲ್ಲಿ ಅಂಗೀಕಾರವಾಗಲಿಲ್ಲ.

20ನೇ ಶತಮಾನದ ಸುಧಾರಣೆಗಳು ಬಹುಮಟ್ಟಿಗೆ ಗಲ್ಲಿನ ನೆರಳಿನಲ್ಲೇ ಆದವು. ಹೆತ್ತ ಕೂಸನ್ನು ಕೊಂದ ತಾಯಂದಿರಿಗೆ ನ್ಯಾಯಾಧೀಶರು ಮರಣದಂಡನೆ ಓದಿ ಹೇಳಬೇಕಿತ್ತು, ಅದು ಜಾರಿಯಾಗುವುದಿಲ್ಲವೆಂಬುದು ನ್ಯಾಯಾಲಯದಲ್ಲಿದ್ದ ಎಲ್ಲರಿಗೂ ಗೊತ್ತಿರುತ್ತಿತ್ತು. ಈ ನಾಟಕವನ್ನು ನಿಲ್ಲಿಸಲು 1922ರಲ್ಲಿ ಶಿಶುಹತ್ಯಾ ಕಾಯ್ದೆ ಬಂತು. 1938ರ ಕಾಯ್ದೆ ಅದನ್ನು 12 ತಿಂಗಳೊಳಗಿನ ಮಗುವಿಗೆ ವಿಸ್ತರಿಸಿತು. ಸರ್ ಅರ್ನೆಸ್ಟ್ ಗವರ್ಸ್ ಅಧ್ಯಕ್ಷತೆಯ ರಾಯಲ್ ಕಮಿಷನ್ 1949ರಿಂದ 1953ರವರೆಗೆ ಮರಣದಂಡನೆಯನ್ನು ಪರಿಶೀಲಿಸಿತು. ಅದರ ಬೆನ್ನಿಗೇ ಬಂದ 1957ರ ಹೋಮಿಸೈಡ್ ಕಾಯ್ದೆ ಗಲ್ಲನ್ನು ಕೆಲವೇ ಬಗೆಯ ಕೊಲೆಗಳಿಗೆ ಸೀಮಿತಗೊಳಿಸಿತು. ಗುಂಡಿಕ್ಕಿ ಕೊಂದವನಿಗೆ ಗಲ್ಲು, ದಿನದಿನವೂ ವಿಷ ಹಾಕಿ ಕೊಂದವನಿಗೆ ಜೀವಾವಧಿ ಎಂಬ ಅಸಂಗತ ಸ್ಥಿತಿ ಅದರಿಂದ ಉಂಟಾಯಿತು. ಕೊನೆಯ ಎರಡು ಗಲ್ಲುಗಳು ನಡೆದದ್ದು 1964ರ ಆಗಸ್ಟ್ 13ರಂದು. 1965ರ ಕಾಯ್ದೆ ಕೊಲೆಗೆ ಮರಣದಂಡನೆಯನ್ನು ತಾತ್ಕಾಲಿಕವಾಗಿ ತೆಗೆದುಹಾಕಿತು, 1969ರಲ್ಲಿ ಅದು ಕಾಯಂ ಆಯಿತು. ಗಲ್ಲಿನ ಜಾಗದಲ್ಲಿ ಕೂತ ಜೀವಾವಧಿ ಶಿಕ್ಷೆಯೂ ಕಡ್ಡಾಯವೇ ಆಗಿದ್ದರಿಂದ, ಗಡಿಯ ಮೇಲಿನ ಒತ್ತಡ ಕಡಿಮೆಯಾದರೂ ಕೊನೆಗೊಳ್ಳಲಿಲ್ಲ.

ಕೊಲೆಯ ಘಟಕಗಳು

ಕೋಕ್‌ನ ವ್ಯಾಖ್ಯೆಯನ್ನು ಬಿಡಿಸಿದರೆ ಕೊಲೆಗೆ ಬೇಕಾದವು ಇವು: ಕಾನೂನುಬಾಹಿರ ಹತ್ಯೆ, ಹತನಾದವನು ಜೀವಂತ ಮನುಷ್ಯನಾಗಿರುವುದು, ಘಟನೆ ರಾಜಶಾಂತಿಯ ಅಡಿಯಲ್ಲಿ ನಡೆದಿರುವುದು, ಮತ್ತು ಪೂರ್ವದ್ವೇಷ. ಯುದ್ಧದಲ್ಲಿ ಶತ್ರುಸೈನಿಕನನ್ನು ಕೊಲ್ಲುವುದು ರಾಜಶಾಂತಿಯ ಷರತ್ತಿನಿಂದಾಗಿ ಕೊಲೆಯಲ್ಲ. ಗರ್ಭಸ್ಥ ಶಿಶು ಈ ಅರ್ಥದಲ್ಲಿ ಮನುಷ್ಯನಲ್ಲ. ಆದರೆ ಗರ್ಭಿಣಿಗೆ ಇರಿದು, ಮಗು ಜೀವಂತ ಹುಟ್ಟಿ ಆಮೇಲೆ ಸತ್ತರೆ ಮ್ಯಾನ್‌ಸ್ಲಾಟರ್ ಆಗಬಹುದೆಂದು ಹೌಸ್ ಆಫ್ ಲಾರ್ಡ್ಸ್ 1997ರಲ್ಲಿ ಹೇಳಿತು. ಏಟು ಬಿದ್ದು ಒಂದು ವರ್ಷ ಒಂದು ದಿನದೊಳಗೆ ಸಾವು ಸಂಭವಿಸಿರಬೇಕೆಂಬ ಹಳೆಯ ನಿಯಮ 1996ರಲ್ಲಿ ರದ್ದಾಯಿತು. ಏಟಿನಿಂದ ಸಾವಿನವರೆಗೆ 3 ವರ್ಷಕ್ಕಿಂತ ಹೆಚ್ಚು ಕಾಲ ಕಳೆದಿದ್ದರೆ ಮೊಕದ್ದಮೆ ಹೂಡಲು ಈಗ ಅಟಾರ್ನಿ ಜನರಲ್ ಅವರ ಒಪ್ಪಿಗೆ ಬೇಕು.

ಕೃತ್ಯಕ್ಕೂ ಸಾವಿಗೂ ಕಾರಣಸಂಬಂಧ ಇರಬೇಕು. 1910ರ ವೈಟ್ ಪ್ರಕರಣದಲ್ಲಿ ಮಗ ತಾಯಿಯ ಪಾನೀಯಕ್ಕೆ ವಿಷ ಬೆರೆಸಿದ್ದ, ತಾಯಿ ಸತ್ತದ್ದು ಹೃದಯಾಘಾತದಿಂದ. ಸಾಬೀತಾದದ್ದು ಕೊಲೆಯತ್ನ ಮಾತ್ರ. 1975ರ ಬ್ಲೌ ಪ್ರಕರಣದಲ್ಲಿ ಇರಿತಕ್ಕೊಳಗಾದ ಯುವತಿ ತನ್ನ ಧರ್ಮಶ್ರದ್ಧೆಯ ಕಾರಣದಿಂದ ರಕ್ತ ಹಾಕಿಸಿಕೊಳ್ಳಲು ನಿರಾಕರಿಸಿ ತೀರಿಕೊಂಡಳು. ಹಲ್ಲೆಗೀಡಾದವರು ದೇಹದಲ್ಲಾಗಲಿ ನಂಬಿಕೆಯಲ್ಲಾಗಲಿ ಹೇಗಿದ್ದಾರೋ ಹಾಗೆಯೇ ಅವರನ್ನು ಸ್ವೀಕರಿಸಬೇಕು, ಸಾವಿನ ಹೊಣೆ ಇರಿದವನದೇ ಎಂದು ನ್ಯಾಯಾಲಯ ತೀರ್ಮಾನಿಸಿತು. ಇದಕ್ಕೆ ಎದುರಾಗಿ, ವಯಸ್ಕನೊಬ್ಬ ಸ್ವಂತ ಇಚ್ಛೆಯಿಂದ ತಾನೇ ಚುಚ್ಚಿಕೊಂಡ ಮಾದಕವಸ್ತುವಿನಿಂದ ಸತ್ತರೆ ಅದನ್ನು ಒದಗಿಸಿದವನು ಸಾವಿಗೆ ಕಾರಣನಲ್ಲವೆಂದು 2007ರ ಕೆನಡಿ ತೀರ್ಪು ಹೇಳಿತು.

ಉದ್ದೇಶದ ಪ್ರಶ್ನೆ

ಪೂರ್ವದ್ವೇಷ ಎಂಬ ಹಳೆಯ ಮಾತಿಗೆ ಈಗ ಪೂರ್ವಯೋಜನೆಯೂ ಬೇಕಿಲ್ಲ, ದ್ವೇಷವೂ ಬೇಕಿಲ್ಲ. ಕೊಲ್ಲುವ ಉದ್ದೇಶ ಅಥವಾ ತೀವ್ರ ಗಾಯ ಮಾಡುವ ಉದ್ದೇಶ, ಎರಡರಲ್ಲೊಂದು ಇದ್ದರೆ ಸಾಕು. ಇನ್ನೊಂದು ಅಪರಾಧದ ನಡುವೆ ಆದ ಸಾವನ್ನು ಕೊಲೆಯೆನ್ನುವ ನಿಯಮವನ್ನು 1957ರ ಕಾಯ್ದೆ ತೆಗೆದುಹಾಕಿತು. ತೀವ್ರ ಗಾಯದ ಉದ್ದೇಶವೂ ಅದರೊಂದಿಗೇ ಹೋಯಿತೇ ಎಂಬ ಪ್ರಶ್ನೆ ಅದೇ ವರ್ಷ ವಿಕರ್ಸ್ ಪ್ರಕರಣದಲ್ಲಿ ಬಂತು, ಹೋಗಿಲ್ಲವೆಂಬ ಉತ್ತರ ಸಿಕ್ಕಿತು. 1981ರಲ್ಲಿ ಕನಿಂಗ್‌ಹ್ಯಾಮ್ ಪ್ರಕರಣದಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನೇ ಎತ್ತಿಹಿಡಿಯಿತು. ಪರಿಣಾಮವಾಗಿ, ಸಾಯಿಸುವುದು ಕನಸಿನಲ್ಲೂ ಇಲ್ಲದೆ ಎದುರಾಳಿಯ ಕಾಲು ಮುರಿಯಲು ಹೊರಟವನೂ, ಆತ ಸತ್ತರೆ, ಕೊಲೆಗಾರನೇ.

ತಾನು ಬಯಸದಿದ್ದರೂ ಆಗುವುದೆಂದು ಗೊತ್ತಿದ್ದ ಪರಿಣಾಮವನ್ನು ಉದ್ದೇಶವೆನ್ನಬಹುದೇ ಎಂಬ ಪ್ರಶ್ನೆ ಬಗೆಹರಿಯಲು ಸುಮಾರು 40 ವರ್ಷ ಹಿಡಿಯಿತು. 1960ರ ಸ್ಮಿತ್ ಪ್ರಕರಣದಲ್ಲಿ ಕದ್ದ ಸರಕಿದ್ದ ಕಾರಿಗೆ ಪೊಲೀಸನೊಬ್ಬ ಜೋತುಬಿದ್ದ. ಚಾಲಕ ನಿಲ್ಲಿಸದೆ ಓಡಿಸಿದ್ದರಿಂದ ಪೊಲೀಸ ಬಿದ್ದು ಸತ್ತ. ಸಾಮಾನ್ಯ ವಿವೇಕಿಗೆ ಆ ಪರಿಣಾಮ ಹೊಳೆಯುತ್ತಿದ್ದರೆ ಆರೋಪಿಗೂ ಹೊಳೆದಿತ್ತೆಂದೇ ಭಾವಿಸಬೇಕು ಎಂಬ ತೀರ್ಪು ಬಂತು. ವ್ಯಾಪಕ ಟೀಕೆಯ ನಂತರ 1967ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯ 8ನೇ ಕಲಂ ಆ ಭಾವನೆಯನ್ನು ಅಳಿಸಿಹಾಕಿತು. 1974ರ ಹಯಾಮ್ ಪ್ರಕರಣದಲ್ಲಿ ಹೆಣ್ಣೊಬ್ಬಳು ತನ್ನ ಪ್ರತಿಸ್ಪರ್ಧಿಯನ್ನು ಹೆದರಿಸಲೆಂದು ಆಕೆಯ ಮನೆಬಾಗಿಲ ಅಂಚೆಕಿಂಡಿಯಿಂದ ಪೆಟ್ರೋಲ್ ಸುರಿದು ಬೆಂಕಿ ಇಟ್ಟಳು, ಒಳಗೆ ಮಲಗಿದ್ದ ಇಬ್ಬರು ಮಕ್ಕಳು ಸತ್ತರು. ತೀವ್ರ ಗಾಯದ ಹೆಚ್ಚಿನ ಸಂಭವ ಗೊತ್ತಿದ್ದರೆ ಸಾಕೆಂದು ಆಗ ಬಹುಮತ ಒಪ್ಪಿತು. 1985ರ ಮೊಲೋನಿ ತೀರ್ಪು ಇದನ್ನು ಕೈಬಿಟ್ಟು, ಮುನ್ನರಿವು ಎನ್ನುವುದು ಉದ್ದೇಶಕ್ಕೆ ಸಾಕ್ಷ್ಯವಷ್ಟೇ, ಅದೇ ಉದ್ದೇಶವಲ್ಲ ಎಂದಿತು.

ಮರುವರ್ಷವೇ ಹ್ಯಾನ್‌ಕಾಕ್ ಮತ್ತು ಶ್ಯಾಂಕ್‌ಲ್ಯಾಂಡ್ ಪ್ರಕರಣ ಈ ಸೂತ್ರವನ್ನು ಪರೀಕ್ಷೆಗೊಡ್ಡಿತು. 1984ರ ಗಣಿಕಾರ್ಮಿಕರ ಮುಷ್ಕರದ ವೇಳೆ ದಕ್ಷಿಣ ವೇಲ್ಸ್‌ನಲ್ಲಿ, ಕೆಲಸಕ್ಕೆ ಹೊರಟ ಕಾರ್ಮಿಕನೊಬ್ಬನನ್ನು ಕರೆದೊಯ್ಯುತ್ತಿದ್ದ ಟ್ಯಾಕ್ಸಿಯ ದಾರಿಯಲ್ಲಿ ಸೇತುವೆ ಮೇಲಿಂದ ಮುಷ್ಕರನಿರತರಿಬ್ಬರು ಕಾಂಕ್ರೀಟ್ ದಿಮ್ಮಿ ಕೆಡವಿದರು, ಚಾಲಕ ಸತ್ತ. ರಸ್ತೆ ತಡೆಯುವುದಷ್ಟೇ ತಮ್ಮ ಇರಾದೆ, ಕಾರಿನ ಮೇಲೆ ಬೀಳಲೆಂದಲ್ಲ ಎಂಬುದು ಅವರ ವಾದ. ಜ್ಯೂರಿಗೆ ಕೊಟ್ಟ ನಿರ್ದೇಶನ ಸಾಲದೆಂದು ಕೊಲೆಯ ತೀರ್ಪು ಬಿದ್ದು ಮ್ಯಾನ್‌ಸ್ಲಾಟರ್ ಉಳಿಯಿತು. 1998ರ ವುಲಿನ್ ಪ್ರಕರಣದಲ್ಲಿ, ಸಿಟ್ಟಿನ ಭರದಲ್ಲಿ 3 ತಿಂಗಳ ಮಗುವನ್ನು ಎಸೆದ ತಂದೆಯ ವಿಷಯದಲ್ಲಿ, ಈಗ ಚಾಲ್ತಿಯಲ್ಲಿರುವ ಸೂತ್ರ ನಿಂತಿತು: ಸಾವು ಅಥವಾ ತೀವ್ರ ಗಾಯ ಬಹುತೇಕ ಖಚಿತವಾಗಿದ್ದು, ಅದು ಆರೋಪಿಗೆ ತಿಳಿದಿತ್ತೆಂದು ಮನದಟ್ಟಾದರೆ ಮಾತ್ರ ಜ್ಯೂರಿ ಉದ್ದೇಶವಿತ್ತೆಂದು ತೀರ್ಮಾನಿಸಬಹುದು.

ಇಷ್ಟು ಸೂಕ್ಷ್ಮ ಚರ್ಚೆ ನಡೆದದ್ದು ತತ್ತ್ವಶಾಸ್ತ್ರದ ಕುತೂಹಲಕ್ಕಲ್ಲ. ಹೆಚ್ಚಿನ ಸಂಭವ, ಬಹುತೇಕ ಖಚಿತತೆ ಎಂಬ ಎರಡು ಮಾತುಗಳ ನಡುವೆ ಬಿದ್ದವನಿಗೆ ಕಡ್ಡಾಯ ಜೀವಾವಧಿಯೋ ಕೆಲವೇ ವರ್ಷಗಳ ಜೈಲೋ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಶಿಕ್ಷೆಯ ಅಳತೆ ನ್ಯಾಯಾಧೀಶರ ಕೈಯಲ್ಲಿದ್ದಿದ್ದರೆ ಈ ಪದಗಳ ಮೇಲೆ ಇಷ್ಟು ಭಾರ ಬೀಳುತ್ತಿರಲಿಲ್ಲ.

ಉದ್ದೇಶವಿದ್ದೂ ಮ್ಯಾನ್‌ಸ್ಲಾಟರ್ ಆಗುವ ಹತ್ಯೆ

ಕೊಲೆಯ ಘಟಕಗಳೆಲ್ಲ ಸಾಬೀತಾದ ಮೇಲೂ ಮೂರು ಭಾಗಶಃ ಪ್ರತಿವಾದಗಳು ಆರೋಪಿಯನ್ನು ಮ್ಯಾನ್‌ಸ್ಲಾಟರ್‌ಗೆ ಇಳಿಸಬಲ್ಲವು: ಸಂಯಮ ಕಳೆದುಕೊಂಡದ್ದು, ಕುಗ್ಗಿದ ಹೊಣೆಗಾರಿಕೆ, ಕೂಡಿ ಸಾಯುವ ಒಪ್ಪಂದ. ಇವು ಕೊಲೆಗೆ ಮಾತ್ರ ಅನ್ವಯಿಸುತ್ತವೆ. ಕೊಲೆಯತ್ನಕ್ಕಾಗಲಿ ತೀವ್ರ ಗಾಯದ ಅಪರಾಧಕ್ಕಾಗಲಿ ಇವುಗಳ ಅಗತ್ಯ ಬೀಳುವುದಿಲ್ಲ, ಏಕೆಂದರೆ ಅಲ್ಲಿ ನ್ಯಾಯಾಧೀಶರು ಶಿಕ್ಷೆಯನ್ನೇ ಇಳಿಸಬಹುದು. ಶಿಕ್ಷೆಯೇ ಗಡಿಯನ್ನು ಎಳೆಯುತ್ತದೆ ಎಂಬ ಮಾತಿಗೆ ಇದಕ್ಕಿಂತ ನೇರವಾದ ಪುರಾವೆ ಸಿಗಲಾರದು.

ಮೊದಲನೆಯದು ಹಳೆಯ ಪ್ರಚೋದನೆಯ ಪ್ರತಿವಾದದ ಹೊಸ ರೂಪ. 1949ರ ಡಫಿ ಪ್ರಕರಣದಲ್ಲಿ ಪ್ರಚೋದನೆಗೆ ತಕ್ಷಣದ, ತಾತ್ಕಾಲಿಕ ಸಂಯಮಭಂಗ ಇರಲೇಬೇಕೆಂಬ ನಿರ್ದೇಶನ ಬಂದಿತ್ತು. ಹೆಂಡತಿಯ ಮೇಲೆ ಸಂಶಯಪಟ್ಟು ಅಲ್ಲೇ ಕೈಯೆತ್ತಿದ ಗಂಡಸಿಗೆ ಈ ಅಳತೆ ಸರಿಹೊಂದುತ್ತಿತ್ತು. ವರ್ಷಗಟ್ಟಲೆ ಏಟು ತಿಂದು, ಎದುರು ನಿಂತು ಹೊಡೆದಾಡುವ ಬಲವಿಲ್ಲದೆ ಕಾದು ಕೊಂದ ಹೆಂಗಸಿಗೆ ಹೊಂದುತ್ತಿರಲಿಲ್ಲ. ಪಂಜಾಬಿನಿಂದ ಮದುವೆಯಾಗಿ ಇಂಗ್ಲೆಂಡಿಗೆ ಹೋದ ಕಿರಣ್‌ಜಿತ್ ಅಹ್ಲುವಾಲಿಯಾ ಹತ್ತು ವರ್ಷಗಳ ಹಿಂಸೆಯ ನಂತರ 1989ರಲ್ಲಿ ಮಲಗಿದ್ದ ಗಂಡನಿಗೆ ಬೆಂಕಿ ಹಚ್ಚಿದರು, ಕೊಲೆಗಾಗಿ ಜೀವಾವಧಿ ಶಿಕ್ಷೆಯಾಯಿತು. ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಸಂಘಟನೆ ಅವರ ಪರ ಹೋರಾಡಿತು. 1992ರ ಮೇಲ್ಮನವಿಯಲ್ಲಿ ಪ್ರಚೋದನೆಯ ವಾದ ನಿಲ್ಲಲಿಲ್ಲ. ನಿಧಾನವಾಗಿ ಕುದಿಯುವ ಪ್ರತಿಕ್ರಿಯೆಗೂ ಅವಕಾಶವಿದೆಯೆಂದು ಪೀಠ ಒಪ್ಪಿದರೂ, ಸಂಯಮಭಂಗ ತಕ್ಷಣದ್ದಾಗಿರಬೇಕೆಂಬ ಷರತ್ತು ಉಳಿಯಿತು. ಅವರು ಬಿಡುಗಡೆಯಾದದ್ದು ಕುಗ್ಗಿದ ಹೊಣೆಗಾರಿಕೆಯ ಬಾಗಿಲಿನಿಂದ. ಜರ್ಜರಿತಳಾಗಿ ಸಹಜವಾಗಿ ಪ್ರತಿಕ್ರಿಯಿಸಿದವಳನ್ನು ಮನೋರೋಗಿಯೆಂದು ತೋರಿಸಿಯೇ ಬಿಡಿಸಬೇಕಾಯಿತೆಂಬ ಆಕ್ಷೇಪ ಅಂದಿನಿಂದಲೇ ಬಲವಾಯಿತು.

2009ರ ಕಾರೊನರ್ಸ್ ಅಂಡ್ ಜಸ್ಟಿಸ್ ಕಾಯ್ದೆ, 2010ರ ಅಕ್ಟೋಬರ್ 4ರಿಂದ, ಪ್ರಚೋದನೆಯನ್ನು ರದ್ದುಮಾಡಿ ಸಂಯಮಭಂಗವನ್ನು ತಂದಿತು. ಸಂಯಮಭಂಗ ತಕ್ಷಣದ್ದೇ ಆಗಬೇಕಿಲ್ಲ. ಆದರೆ ಅದಕ್ಕೆ ಕಾನೂನು ಒಪ್ಪುವ ಕಾರಣ ಬೇಕು: ತೀವ್ರ ಹಿಂಸೆಯ ಭಯ, ಇಲ್ಲವೇ ಅತ್ಯಂತ ಗಂಭೀರ ಸ್ವರೂಪದ ನಡೆ ಅಥವಾ ನುಡಿಯಿಂದ ತನಗೆ ದೊಡ್ಡ ಅನ್ಯಾಯವಾಯಿತೆಂಬ ಸಮರ್ಥನೀಯ ಭಾವನೆ. ಆರೋಪಿಯ ಲಿಂಗ, ವಯಸ್ಸಿನವರೇ ಆದ, ಸಾಮಾನ್ಯ ಸಹನೆಯುಳ್ಳ ವ್ಯಕ್ತಿಯೂ ಆ ಸ್ಥಿತಿಯಲ್ಲಿ ಹಾಗೆ ವರ್ತಿಸಬಹುದಿತ್ತೆಂದು ಜ್ಯೂರಿಗೆ ತೋರಬೇಕು. ಲೆಕ್ಕಹಾಕಿ ತೀರಿಸಿಕೊಂಡ ಸೇಡಿಗೆ ಇದು ಸಿಗದು. ಸಂಗಾತಿಯ ವ್ಯಭಿಚಾರವೊಂದನ್ನೇ ಕಾರಣವಾಗಿ ಪರಿಗಣಿಸುವಂತಿಲ್ಲ. ಆದರೂ ಬೇರೆ ಕಾರಣಗಳಿರುವಾಗ ಅದನ್ನು ಸಂದರ್ಭದ ಭಾಗವಾಗಿ ನೋಡಬಹುದೆಂದು 2012ರ ಕ್ಲಿಂಟನ್ ತೀರ್ಪು ಹೇಳಿದ್ದರಿಂದ ಆ ಬಾಗಿಲು ಪೂರ್ತಿ ಮುಚ್ಚಿಲ್ಲ.

ಕುಗ್ಗಿದ ಹೊಣೆಗಾರಿಕೆ 19ನೇ ಶತಮಾನದ ಸ್ಕಾಟ್ ನ್ಯಾಯಾಲಯಗಳಲ್ಲಿ ಹುಟ್ಟಿ, 1957ರಲ್ಲಿ ಇಂಗ್ಲೆಂಡಿಗೆ ಬಂತು. ಸಂಪೂರ್ಣ ಬುದ್ಧಿಭ್ರಮೆಗೂ ಪೂರ್ಣ ಹೊಣೆಗೂ ನಡುವೆ ಇರುವವರನ್ನು ಗಲ್ಲಿನಿಂದ ಉಳಿಸುವುದು ಅದರ ಗುರಿ. 2009ರ ತಿದ್ದುಪಡಿಯ ನಂತರ, ವೈದ್ಯಕೀಯವಾಗಿ ಗುರುತಿಸಲಾದ ಸ್ಥಿತಿಯಿಂದ ಮನೋವ್ಯಾಪಾರ ಅಸಹಜಗೊಂಡು, ತನ್ನ ಕೃತ್ಯವನ್ನು ಅರಿಯುವ, ವಿವೇಚಿಸುವ ಅಥವಾ ತನ್ನನ್ನು ತಡೆದುಕೊಳ್ಳುವ ಶಕ್ತಿ ಗಣನೀಯವಾಗಿ ಕುಂದಿರಬೇಕು, ಅದು ಹತ್ಯೆಗೆ ವಿವರಣೆ ಒದಗಿಸಬೇಕು. ರುಜುವಾತಿನ ಭಾರ ಇಲ್ಲಿ ಆರೋಪಿಯ ಮೇಲಿದೆ. ಅಪರಾಧವನ್ನು ಪ್ರಾಸಿಕ್ಯೂಷನ್ನೇ ಸಾಬೀತುಪಡಿಸಬೇಕೆಂದು 1935ರ ವುಲ್ಮಿಂಗ್‌ಟನ್ ತೀರ್ಪು ನೆಲೆಗೊಳಿಸಿದ ತತ್ತ್ವಕ್ಕೆ ಇದೊಂದು ಅಪವಾದ. ಇನ್ನು ಕೂಡಿ ಸಾಯಲು ಒಪ್ಪಿ, ಇನ್ನೊಬ್ಬರನ್ನು ಕೊಂದು ತಾನು ಬದುಕುಳಿದವರ ಹತ್ಯೆಯೂ ಮ್ಯಾನ್‌ಸ್ಲಾಟರ್. ಶಿಶುಹತ್ಯೆ ಪ್ರತ್ಯೇಕ ಅಪರಾಧವೂ ಹೌದು, ಕೊಲೆಯ ಆರೋಪಕ್ಕೆ ಪ್ರತಿವಾದವೂ ಹೌದು, ಶಿಕ್ಷೆ ಮ್ಯಾನ್‌ಸ್ಲಾಟರ್‌ನಂತೆಯೇ.

ಈ ಪಟ್ಟಿಯಲ್ಲಿ ಇಲ್ಲದ್ದೂ ಗಮನಾರ್ಹ. ಕರುಣೆಯಿಂದ ಕೊಂದದ್ದು ಸಹ ಕೊಲೆಯೇ. ಮಿದುಳಿಗೆ ಗಂಭೀರ ಹಾನಿಯಾಗಿದ್ದ ಮಗನ ನರಳಾಟ ನೋಡಲಾರದೆ ತಾಯಿ ಕೊಂದ 2010ರ ಇಂಗ್ಲಿಸ್ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಕನಿಷ್ಠ ಸೆರೆಯ ಅವಧಿಯನ್ನು 9ರಿಂದ 5 ವರ್ಷಕ್ಕಿಳಿಸಿತು, ಕೊಲೆಯೆಂಬ ತೀರ್ಪನ್ನು ಬದಲಿಸಲು ಅದಕ್ಕೆ ದಾರಿಯಿರಲಿಲ್ಲ. ಆತ್ಮರಕ್ಷಣೆಯಲ್ಲಿ ಅಗತ್ಯ ಮೀರಿ ಬಲ ಬಳಸಿದವನಿಗೂ ಮಧ್ಯದ ದಾರಿಯಿಲ್ಲವೆಂದು 1995ರ ಕ್ಲೆಗ್ ತೀರ್ಪು ಹೇಳಿತು.

ಉದ್ದೇಶವಿಲ್ಲದ ಹತ್ಯೆ

ಇದರ ಮೊದಲನೆಯ ಬಗೆ ಅಪರಾಧಕೃತ್ಯದಿಂದಾದ ಮ್ಯಾನ್‌ಸ್ಲಾಟರ್. ಆರೋಪಿ ಉದ್ದೇಶಪೂರ್ವಕವಾಗಿ ಎಸಗಿದ ಕೃತ್ಯ ಅಪರಾಧವಾಗಿರಬೇಕು, ಯಾರಿಗಾದರೂ ಸ್ವಲ್ಪವಾದರೂ ದೈಹಿಕ ಹಾನಿಯಾದೀತೆಂದು ವಿವೇಕಿಗಳಿಗೆ ತೋಚುವಂತಿರಬೇಕು, ಮತ್ತು ಸಾವಿಗೆ ಕಾರಣವಾಗಿರಬೇಕು. ಆರೋಪಿಗೆ ಅದು ತೋಚಿತ್ತೇ ಎಂದು ಯಾರೂ ಕೇಳುವುದಿಲ್ಲ. 1976ರ ನ್ಯೂಬರಿ ಪ್ರಕರಣದಲ್ಲಿ ಹದಿನೈದು ವರ್ಷದ ಹುಡುಗರಿಬ್ಬರು ಸೇತುವೆಯಿಂದ ರೈಲಿನ ಮೇಲೆ ಕಲ್ಲುಚಪ್ಪಡಿ ತಳ್ಳಿ ಗಾರ್ಡ್ ಸತ್ತಾಗ ಇದೇ ಅಳತೆ ಬಳಸಲಾಯಿತು. ಮೂಲ ಅಪರಾಧವೇ ಇಲ್ಲದಿದ್ದರೆ ಮಾತ್ರ ಆರೋಪ ಬೀಳುತ್ತದೆ. 1967ರ ಲ್ಯಾಂಬ್ ಪ್ರಕರಣದಲ್ಲಿ ತಮಾಷೆಗೆಂದು ಗೆಳೆಯನತ್ತ ರಿವಾಲ್ವರ್ ಗುರಿಹಿಡಿದು ಕುದುರೆ ಎಳೆದವನಿಗೆ, ನಳಿಕೆಯ ಎದುರಿನ ಗೂಡಿನಲ್ಲಿ ಗುಂಡಿಲ್ಲವೆಂಬುದು ಗೊತ್ತಿತ್ತು, ಕುದುರೆ ಎಳೆದಾಗ ಉರುಳೆ ತಿರುಗಿ ಪಕ್ಕದ ಗುಂಡು ಮುಂದೆ ಬರುತ್ತದೆಂಬುದು ಗೊತ್ತಿರಲಿಲ್ಲ. ಗೆಳೆಯನಿಗೂ ಭಯವಾಗಿರಲಿಲ್ಲ. ಹಲ್ಲೆಯೆಂಬ ಅಪರಾಧವೇ ಅಲ್ಲಿ ನಡೆದಿಲ್ಲವೆಂದು ಶಿಕ್ಷೆ ರದ್ದಾಯಿತು.

ಎರಡನೆಯದು ಘೋರ ನಿರ್ಲಕ್ಷ್ಯ. 1925ರ ಬೇಟ್‌ಮನ್, 1937ರ ಆಂಡ್ರ್ಯೂಸ್ ತೀರ್ಪುಗಳ ಜಾಡಿನಲ್ಲಿ 1994ರ ಅಡೊಮಾಕೊ ತೀರ್ಪು ಈಗಿನ ನಿಯಮ ಕೊಟ್ಟಿತು. ಕಣ್ಣಿನ ಶಸ್ತ್ರಚಿಕಿತ್ಸೆಯ ನಡುವೆ ರೋಗಿಗೆ ಆಮ್ಲಜನಕ ಒಯ್ಯುವ ಕೊಳವೆ ಕಳಚಿಕೊಂಡಿತು. ಯಂತ್ರ ಎಚ್ಚರಿಸಿದರೂ ಅರಿವಳಿಕೆ ತಜ್ಞ ಕೊಳವೆಯನ್ನು ನೋಡಲಿಲ್ಲ, ರೋಗಿ ಸತ್ತ. ಎಚ್ಚರಿಕೆ ವಹಿಸುವ ಕರ್ತವ್ಯ, ಅದರ ಉಲ್ಲಂಘನೆ, ಸಾವು, ಮತ್ತು ಉಲ್ಲಂಘನೆ ಅಪರಾಧವೆನ್ನುವಷ್ಟು ಘೋರವಾಗಿರುವುದು ಇದರ ಘಟಕಗಳು. ಅಪರಾಧವೆನ್ನುವಷ್ಟು ಘೋರವಾದದ್ದು ಅಪರಾಧ ಎಂಬ ಈ ಮಾತು ಸುತ್ತಿ ಬಳಸಿ ಹೊರಟಲ್ಲಿಗೇ ಬಂದಂತಿದೆ ಎಂಬ ಟೀಕೆಯನ್ನು 2004ರ ಮಿಶ್ರಾ ತೀರ್ಪು ಒಪ್ಪಲಿಲ್ಲ. 2017ರ ರೋಸ್ ಪ್ರಕರಣ ಇದಕ್ಕೊಂದು ಮಿತಿ ಹಾಕಿತು: ಆರೋಪಿಗೆ ಆ ಕ್ಷಣದಲ್ಲಿ ವಾಸ್ತವವಾಗಿ ತಿಳಿದಿದ್ದ ಸಂಗತಿಗಳಿಂದಲೇ ಸಾವಿನ ಸ್ಪಷ್ಟ, ಗಂಭೀರ ಅಪಾಯ ಕಾಣುವಂತಿರಬೇಕು, ಮಾಡಬೇಕಿದ್ದ ತಪಾಸಣೆ ಮಾಡಿದ್ದರೆ ತಿಳಿಯುತ್ತಿತ್ತು ಎಂಬುದು ಸಾಲದು.

ಕಂಪನಿಗಳ ವಿಷಯದಲ್ಲಿ ಕಾಮನ್ ಲಾ ಸೋತಿತು. 1987ರ ಮಾರ್ಚ್ 6ರಂದು ಬೆಲ್ಜಿಯಮ್ಮಿನ ಜೀಬ್ರುಗೆ ಬಂದರಿನಿಂದ ಮುಂಬಾಗಿಲು ತೆರೆದಿಟ್ಟೇ ಹೊರಟ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಹಡಗು ಮಗುಚಿ 193 ಜನ ಸತ್ತರು. ಕಂಪನಿಯ ಮೇಲಿನ ಮೊಕದ್ದಮೆ 1990ರಲ್ಲಿ ಬಿದ್ದುಹೋಯಿತು, ಏಕೆಂದರೆ ಕಂಪನಿಯನ್ನು ನಡೆಸುವ ಹಿರಿಯನೊಬ್ಬನೇ ಸ್ವತಃ ತಪ್ಪಿತಸ್ಥನೆಂದು ತೋರಿಸಬೇಕಿತ್ತು. 2008ರ ಏಪ್ರಿಲ್ 6ರಿಂದ ಜಾರಿಗೆ ಬಂದ 2007ರ ಕಾರ್ಪೊರೇಟ್ ಮ್ಯಾನ್‌ಸ್ಲಾಟರ್ ಕಾಯ್ದೆ ಹಿರಿಯ ಆಡಳಿತದ ವ್ಯವಸ್ಥೆಯನ್ನೇ ವಿಚಾರಣೆಗೆ ಒಳಪಡಿಸುತ್ತದೆ, ದಂಡಕ್ಕೆ ಮಿತಿಯಿಲ್ಲ. ಅದರಡಿ 2011ರಲ್ಲಿ ಮೊದಲು ಶಿಕ್ಷೆಯಾದದ್ದು ಕಾಟ್ಸ್‌ವೋಲ್ಡ್ ಜಿಯೊಟೆಕ್ನಿಕಲ್ ಎಂಬ ಚಿಕ್ಕ ಕಂಪನಿಗೆ, 3,85,000 ಪೌಂಡ್ ದಂಡದೊಂದಿಗೆ. ದೈತ್ಯ ಕಂಪನಿಗಳಿಗಾಗಿ ಹೆಣೆದ ಬಲೆಗೆ ಮೊದಲು ಸಿಕ್ಕಿದ್ದು ಹಳೆಯ ಕಾನೂನಿಗೂ ಸಿಗಬಹುದಾಗಿದ್ದ ಸಣ್ಣ ಮೀನು.

ರಸ್ತೆ ಸಾವುಗಳು ಇನ್ನೊಂದು ಪಾಠ ಹೇಳುತ್ತವೆ. ಮ್ಯಾನ್‌ಸ್ಲಾಟರ್ ಎಂಬ ಹೆಸರಿನಡಿ ವಾಹನ ಚಾಲಕರನ್ನು ತಪ್ಪಿತಸ್ಥರೆನ್ನಲು ಜ್ಯೂರಿಗಳು ಹಿಂಜರಿಯುತ್ತಿದ್ದರಿಂದ 1956ರಲ್ಲಿ ಅಪಾಯಕರ ಚಾಲನೆಯಿಂದ ಸಾವು ತಂದ ಪ್ರತ್ಯೇಕ ಅಪರಾಧವನ್ನು ಕಡಿಮೆ ಶಿಕ್ಷೆಯೊಂದಿಗೆ ಸೃಷ್ಟಿಸಲಾಯಿತು. 2022ರಲ್ಲಿ ಅದರ ಗರಿಷ್ಠ ಶಿಕ್ಷೆಯನ್ನು 14 ವರ್ಷದಿಂದ ಜೀವಾವಧಿಗೆ ಏರಿಸಿದಾಗ, ಶಿಕ್ಷೆಯ ಮಟ್ಟಿಗೆ ಅದು ಹೊರಟಿದ್ದ ಜಾಗಕ್ಕೇ ಮರಳಿತು.

ಶಿಕ್ಷೆ ಮತ್ತು ಆಕ್ಷೇಪಗಳು

ಜೀವಾವಧಿ ಎಂದರೆ ಸಾಯುವವರೆಗೆ ಸೆರೆ ಎಂದೇ ಅರ್ಥವಲ್ಲ. ನ್ಯಾಯಾಧೀಶರು ಕನಿಷ್ಠ ಅವಧಿ ನಿಗದಿಮಾಡುತ್ತಾರೆ, ಅದು ಮುಗಿದ ಮೇಲೆ ಪೆರೋಲ್ ಮಂಡಳಿ ಒಪ್ಪಿದರೆ ಬಿಡುಗಡೆ, ಬದುಕಿಡೀ ಷರತ್ತುಗಳು. ಈ ಅವಧಿಯನ್ನು ಗೃಹಮಂತ್ರಿ ನಿರ್ಧರಿಸುವ ಪದ್ಧತಿ 2002ರ ಆಂಡರ್ಸನ್ ತೀರ್ಪಿನಿಂದ ಕೊನೆಗಂಡಿತು. 2003ರ ಕಾಯ್ದೆ ತಂದ, ಈಗ 2020ರ ಸೆಂಟೆನ್ಸಿಂಗ್ ಕಾಯ್ದೆಯ 21ನೇ ಅನುಸೂಚಿಯಲ್ಲಿರುವ ಆರಂಭಬಿಂದುಗಳು ವಯಸ್ಕರಿಗೆ 15, 25, 30 ವರ್ಷ ಮತ್ತು ಅತಿ ಘೋರ ಪ್ರಕರಣಗಳಿಗೆ ಜೀವವಿರುವವರೆಗೂ ಸೆರೆ.

ಕನಿಷ್ಠ ಅವಧಿ ಇಷ್ಟು ಬಾಗುವಂತಿರುವಾಗ ಕಡ್ಡಾಯ ಜೀವಾವಧಿ ಹೆಸರಿಗಷ್ಟೇ, ಶಿಕ್ಷೆಯೇ ಗಡಿಯನ್ನು ಎಳೆಯುತ್ತದೆಂಬ ವಾದ ಗಲ್ಲಿನ ಕಾಲಕ್ಕೆ ಮಾತ್ರ ಸರಿ ಎಂಬ ಆಕ್ಷೇಪವಿದೆ. ಇದರಲ್ಲಿ ಹುರುಳಿಲ್ಲದೇ ಇಲ್ಲ. ಆದರೆ ಅನುಸೂಚಿ ಹಳೆಯ ಒತ್ತಡವನ್ನು ಕೊಲೆಯ ಒಳಗೇ ಮರುಹುಟ್ಟಿಸಿದೆ. ಆಯುಧವನ್ನು ಸ್ಥಳಕ್ಕೆ ಒಯ್ದು ಕೊಂದರೆ ಆರಂಭಬಿಂದು 25 ವರ್ಷ, ಅಡುಗೆಮನೆಯಲ್ಲೇ ಇದ್ದ ಚಾಕುವಿನಿಂದ ಸಂಗಾತಿಯನ್ನು ಕೊಂದರೆ 15. ಕ್ಲೇರ್ ವೇಡ್ ನಡೆಸಿ 2023ರಲ್ಲಿ ಪ್ರಕಟವಾದ ಪರಿಶೀಲನೆ ಈ ಅಸಮತೆಯನ್ನು ಮುನ್ನೆಲೆಗೆ ತಂದಿತು. ಮಿಗಿಲಾಗಿ, 2009ರಲ್ಲಿ ಸಂಸತ್ತು ಭಾಗಶಃ ಪ್ರತಿವಾದಗಳನ್ನು ಕೈಬಿಡದೆ ಹೊಸದಾಗಿ ಬರೆಯಬೇಕಾಯಿತು ಎಂಬುದೇ ಒತ್ತಡ ಮುಗಿದಿಲ್ಲವೆಂಬುದಕ್ಕೆ ಸಾಕ್ಷಿ.

ಎರಡನೇ ಆಕ್ಷೇಪ ಇನ್ನೂ ಬಲವಾದದ್ದು. ಕೊಲೆಗಾರ ಎಂಬ ಹಣೆಪಟ್ಟಿಗೇ ತೂಕವಿದೆ, ಶಿಕ್ಷೆ ಒಂದೇ ಆದರೂ ಸಮಾಜ ಎರಡನ್ನೂ ಬೇರೆಬೇರೆಯಾಗಿ ಹೆಸರಿಸಲು ಬಯಸುತ್ತದೆ ಎಂಬುದು ಅದರ ಸಾರ. ಜೀವ ಬೆದರಿಕೆಗೆ ಮಣಿದು ಕೊಂದದ್ದಕ್ಕೆ ಬಲವಂತದ ಪ್ರತಿವಾದ ಇಲ್ಲವೆಂದ 1987ರ ಹೋವ್ ತೀರ್ಪನ್ನು ಶಿಕ್ಷೆಯ ತರ್ಕದಿಂದ ವಿವರಿಸಲಾಗದು. ನಿರಪರಾಧಿಯ ಪ್ರಾಣ ತೆಗೆಯುವ ಬದಲು ತನ್ನದನ್ನೇ ಬಿಡಬೇಕೆಂಬ ನೈತಿಕ ನಿಲುವು ಅಲ್ಲಿದೆ. ಮಿನ್ಯೊನೆಟ್ ನೌಕೆ ಮುಳುಗಿ, ಹಸಿವಿನಿಂದ ಹಡಗಿನ ಹುಡುಗನನ್ನು ಕೊಂದು ತಿಂದ ನಾವಿಕರ 1884ರ ಡಡ್ಲಿ ಮತ್ತು ಸ್ಟೀಫನ್ಸ್ ಪ್ರಕರಣದಲ್ಲೂ ನ್ಯಾಯಾಲಯ ಅನಿವಾರ್ಯತೆಯ ವಾದವನ್ನು ಒಪ್ಪಲಿಲ್ಲ. ಆದರೆ ಆ ಕಟ್ಟುನಿಟ್ಟು ಸಾಧ್ಯವಾದದ್ದು ಇನ್ನೊಂದು ಕಡೆ ಕ್ಷಮಾದಾನ ಕಾದಿದ್ದರಿಂದ: ಮರಣದಂಡನೆ 6 ತಿಂಗಳ ಸೆರೆಗೆ ಇಳಿಯಿತು. ಆದ್ದರಿಂದ ನೈತಿಕ ತತ್ತ್ವಗಳು ಗಡಿಯನ್ನು ರೂಪಿಸಿಲ್ಲವೆಂದಲ್ಲ. ಶಿಕ್ಷೆಯನ್ನು ಬಾಗಿಸುವ ಬೇರೆ ದಾರಿ ಇದ್ದಾಗ ಅವು ಗಟ್ಟಿಯಾಗಿ ನಿಂತಿವೆ, ಇಲ್ಲದಿದ್ದಾಗ ಸಡಿಲಗೊಂಡಿವೆ.

ಭಾರತದ ಸಂಹಿತೆಯೊಡನೆ ಸಂಬಂಧ

ಇಂಗ್ಲೆಂಡಿಗೆ ದಕ್ಕದ ಸಂಹಿತೆ ಭಾರತಕ್ಕೆ ದಕ್ಕಿತು. ಮೆಕಾಲೆ ನೇತೃತ್ವದ ಆಯೋಗ 1837ರಲ್ಲಿ ಬರೆದ ಕರಡು 1860ರ ಭಾರತೀಯ ದಂಡ ಸಂಹಿತೆಯಾಯಿತು. ಅದರ 299 ಮತ್ತು 300ನೇ ಕಲಂಗಳ ವಿಂಗಡಣೆ ಈಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 100 ಮತ್ತು 101ನೇ ಕಲಂಗಳಲ್ಲಿದೆ. ಇಂಗ್ಲೆಂಡಿನಲ್ಲಿಲ್ಲದ ಎರಡು ಅಪವಾದಗಳು ಇಲ್ಲಿವೆ: ಸದ್ಭಾವನೆಯಿಂದ ಖಾಸಗಿ ರಕ್ಷಣೆಯ ಹಕ್ಕನ್ನು ಮೀರಿ ಕೊಂದದ್ದು, ಮತ್ತು 18 ವರ್ಷ ಮೀರಿದವರ ಒಪ್ಪಿಗೆಯಿಂದ ಕೊಂದದ್ದು ಕೊಲೆಯಲ್ಲದ ದಂಡನೀಯ ನರಹತ್ಯೆ. ಇನ್ನೊಂದೆಡೆ ಇಂಗ್ಲೆಂಡಿನ ಕುಗ್ಗಿದ ಹೊಣೆಗಾರಿಕೆ ಇಲ್ಲಿಲ್ಲ. ವೈದ್ಯರ ಮೇಲೆ ಕ್ರಿಮಿನಲ್ ಹೊಣೆ ಹೊರಿಸಲು ನಿರ್ಲಕ್ಷ್ಯ ಘೋರವಾಗಿರಬೇಕೆಂದು ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಹೇಳುವಾಗ ಇಂಗ್ಲೆಂಡಿನ ತೀರ್ಪುಗಳನ್ನು ಪರಿಶೀಲಿಸಿತ್ತು.

ಈಗಿನ ಸ್ಥಿತಿ

ಲಾರ್ಡ್ ನೇಥನ್ ಅಧ್ಯಕ್ಷತೆಯ ಹೌಸ್ ಆಫ್ ಲಾರ್ಡ್ಸ್ ಸಮಿತಿ 1989ರಲ್ಲಿಯೇ ಕಡ್ಡಾಯ ಜೀವಾವಧಿಯನ್ನು ಕೈಬಿಡಲು ಸೂಚಿಸಿತ್ತು, ಯಾವ ಸರ್ಕಾರವೂ ಆ ಸಾಹಸ ಮಾಡಲಿಲ್ಲ. 2006ರಲ್ಲಿ ಲಾ ಕಮಿಷನ್ ಮೂರು ಮೆಟ್ಟಿಲುಗಳ ಯೋಜನೆ ಮುಂದಿಟ್ಟಿತು. ಕೊಲ್ಲುವ ಉದ್ದೇಶವಿದ್ದರೆ, ಅಥವಾ ಸಾವಿನ ಗಂಭೀರ ಅಪಾಯದ ಅರಿವಿದ್ದು ತೀವ್ರ ಗಾಯ ಮಾಡುವ ಉದ್ದೇಶವಿದ್ದರೆ ಮೊದಲ ದರ್ಜೆಯ ಕೊಲೆ, ಕಡ್ಡಾಯ ಜೀವಾವಧಿ. ಬರಿಯ ತೀವ್ರ ಗಾಯದ ಉದ್ದೇಶ ಅಥವಾ ಭಾಗಶಃ ಪ್ರತಿವಾದ ಇದ್ದರೆ ಎರಡನೇ ದರ್ಜೆಯ ಕೊಲೆ, ಅಲ್ಲಿ ನ್ಯಾಯಾಧೀಶರ ವಿವೇಚನೆ. ಉಳಿದದ್ದು ಮ್ಯಾನ್‌ಸ್ಲಾಟರ್. ಸರ್ಕಾರ ಮೆಟ್ಟಿಲುಗಳ ರಚನೆಯನ್ನು ಬದಿಗಿಟ್ಟು ಪ್ರತಿವಾದಗಳ ಸುಧಾರಣೆಯಷ್ಟನ್ನು 2009ರಲ್ಲಿ ಕಾಯ್ದೆ ಮಾಡಿತು. ಗುಂಪಿನಲ್ಲಿ ನಡೆದ ಕೊಲೆಯಲ್ಲಿ ಸಹಚರನ ಹೊಣೆಯನ್ನು ಮೂರು ದಶಕ ಕಾಲ ತಪ್ಪು ದಾರಿಯಲ್ಲಿ ಹಿಗ್ಗಿಸಲಾಗಿತ್ತೆಂದು 2016ರ ಜೋಗಿ ತೀರ್ಪಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಹೇಳಿ, ಮುನ್ನರಿವು ಸಾಲದು, ನೆರವಾಗುವ ಉದ್ದೇಶ ಬೇಕೆಂದಿತು. ನರಹತ್ಯೆಯ ಕಾನೂನು ಮತ್ತು ಅದರ ಶಿಕ್ಷೆಯ ಚೌಕಟ್ಟನ್ನು ಲಾ ಕಮಿಷನ್ ಮತ್ತೆ ಪರಿಶೀಲಿಸಲಿದೆಯೆಂದು 2024ರ ಡಿಸೆಂಬರ್‌ನಲ್ಲಿ ಸರ್ಕಾರ ಪ್ರಕಟಿಸಿತು. ಅಪರಾಧಗಳ ವ್ಯಾಖ್ಯೆ ಮತ್ತು ಅವುಗಳ ಶಿಕ್ಷೆ, ಎರಡೂ ಈ ಪರಿಶೀಲನೆಯಲ್ಲಿ ಒಟ್ಟಿಗೇ ಸೇರಿವೆ.